ಮಾವನ ಕಾಲದ ರೀಲೋಡಿಂಗ್ ಪ್ರೆಸ್ ಈಗಲೂ ನಡೆಯುತ್ತಾ?

ನಮಸ್ಕಾರ. ಒಹಾಯೋದಲ್ಲಿ ತೀರಿಹೋದ ಮಾವನವರ ಗ್ಯಾರೇಜಿನಲ್ಲಿ ರೀಲೋಡಿಂಗ್‌ಗೆ, ಅಂದರೆ ಹಾರಿಸಿದ ಬಂದೂಕಿನ ತೋಟಾದ ಖಾಲಿ ಕೇಸನ್ನು ಮತ್ತೆ ತುಂಬುವುದಕ್ಕೆ ಬೇಕಾದ ಪ್ರೆಸ್, ಕೇಸಿಗೆ ಆಕಾರ ಕೊಡುವ ಡೈಗಳು, ತಕ್ಕಡಿ, ಎರಡು ಡಬ್ಬಿ ಪೌಡರ್ (ಬಂದೂಕಿನ ಮದ್ದು) ಸಿಕ್ಕಿವೆ, ಯಾವುದನ್ನು ಬಳಸಬಹುದು ಅಂತ ಕೇಳಿದ್ದೀರಿ.

ಕಬ್ಬಿಣದ್ದಕ್ಕೆ ವಯಸ್ಸಿಲ್ಲ. ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ತರಹದ ಎರಕದ ಪ್ರೆಸ್ ಆದರೆ ತುಕ್ಕು ಉಜ್ಜಿ, ಎಣ್ಣೆ ಹಾಕಿ, ಹಿಡಿಕೆ ಎಳೆದು ನೋಡಿ. ರ್‍ಯಾಮ್ (ಕೇಸನ್ನು ಡೈಯೊಳಗೆ ಒತ್ತುವ ದಂಡ) ಅಡ್ಡಡ್ಡ ಅಲ್ಲಾಡಬಾರದು, ಅಷ್ಟೇ. ಡೈಗಳ ಥ್ರೆಡ್ 7/8 ಇಂಚು ವ್ಯಾಸದ, ಇಂಚಿಗೆ 14 ಸುತ್ತಿನದಾಗಿದ್ದರೆ ಇವತ್ತಿನ ಪ್ರೆಸ್‌ಗೂ ಕೂರುತ್ತವೆ. ಡೈ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿನ ಗುಳಿ ಇದ್ದರೆ ಪ್ರತಿ ಹಿತ್ತಾಳೆ ಕೇಸಿನ ಮೇಲೂ ಉದ್ದಕ್ಕೆ ಗೀರು ಬೀಳುತ್ತದೆ.

ತಕ್ಕಡಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಪೌಡರ್ ತೂಗುವುದು ಗ್ರೇನ್ ಲೆಕ್ಕದಲ್ಲಿ; ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗ ಅಳೆಯಬೇಕು. ತಕ್ಕಡಿಯ ದಂಡ ಕೂರುವ ಚಾಕುವಿನಂಥ ಅಂಚಿನ ಕೆಳಗೆ ಧೂಳು ಕೂತರೂ ಲೆಕ್ಕ ತಪ್ಪುತ್ತದೆ. ಚೆಕ್ ವೇಟ್ ಸೆಟ್ (ನಿಖರ ತೂಕದ ಬೊಟ್ಟುಗಳು) ಕೊಂಡು ಪರೀಕ್ಷಿಸಿ.

ಪೌಡರ್? ನಾನಾದರೆ ಮುಟ್ಟಲ್ಲ. ಹುಳಿ ವಾಸನೆ, ಕೆಂಪು-ಕಂದು ಧೂಳು ಕಂಡರೆ ಅದು ಕೆಟ್ಟಿದೆ. ಚೆನ್ನಾಗಿ ಕಂಡರೂ, ತೆರೆದ ಡಬ್ಬಿಯೊಳಗೆ ಇರುವುದು ಲೇಬಲ್ಲಿನಲ್ಲಿರೋದೇ ಅಂತ ಯಾರು ಹೇಳ್ತಾರೆ? ವಿಲೇವಾರಿಗೆ ಅಲ್ಲಿನ ಅಗ್ನಿಶಾಮಕ ದಳವನ್ನು ಕೇಳಿ. ಹಳೇ ಪುಸ್ತಕದ ಅಳತೆ, ಮಾವನವರ ಕೈಬರಹದ ಚೀಟಿ ಬರೀ ನೆನಪಿನ ಕಾಣಿಕೆಯಾಗಿ ಇರಲಿ, ಲೋಡ್ ಮಾಡಲು ಹೊಸ ಮ್ಯಾನ್ಯುಯಲ್ ತಗೊಳ್ಳಿ.

ಅಂದಹಾಗೆ, ಊರಿಗೆ ಸಾಗಿಸೋ ಯೋಚನೆ ಇದ್ದರೆ ಬಿಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಸೇರುತ್ತದೆ.