ಶಿರೋವ್ ಅವರ ಬಿಷಪ್ ಎಚ್3: ಎಂಜಿನ್ ಪರೀಕ್ಷೆಗೆ ಮೊದಲು ಹ್ಯಾಶ್ ಖಾಲಿ ಮಾಡಿ

ಸರ್, ಚೆಸ್ ಆಟಗಾರ ಶಿರೋವ್ ಅವರ ಬಿಷಪ್ ಎಚ್3 ನಡೆಯನ್ನು (ಬಿಷಪ್ ಎಚ್3 ಮನೆಗೆ) ಫೋನಿನ ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ, ತಕ್ಷಣ ಹೇಳಿತು, ಲ್ಯಾಪ್‌ಟಾಪಿನ ಹಳೇ ಎಂಜಿನ್ ಎಷ್ಟು ಹೊತ್ತಾದರೂ ಹೇಳಲಿಲ್ಲ, ಹಾಗಾದರೆ ಫೋನಿನದೇ ಬಲವಾ ಎಂದು ಕೇಳಿದ್ದೀರಿ. ಇರಬಹುದು. ಆದರೆ ಫೋನಿನಲ್ಲಿ ಆಟ ಕೊನೆವರೆಗೂ ನೋಡಿ, ಆಮೇಲೆ ಹಿಂದೆ ಬಂದು ಎಂಜಿನ್ ಹಾಕಿದೆ ಎಂದೂ ಬರೆದಿದ್ದೀರಿ ಅಲ್ವಾ? ಎಡವಟ್ಟಾಗಿರುವುದು ಬಹುಶಃ ಅಲ್ಲೇ.

ಮುಂದಿನ ನಡೆಗಳನ್ನು ನೋಡುವಾಗಲೂ ಎಂಜಿನ್ ಓಡುತ್ತಿದ್ದರೆ, ಅದು ಹಾಕಿದ ಲೆಕ್ಕ ಅದರ ಮೆಮೊರಿಯಲ್ಲಿ, ಅಂದರೆ ಹ್ಯಾಶ್‌ನಲ್ಲಿ ಉಳಿದಿರುತ್ತದೆ. ಹಿಂದೆ ಬಂದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಉತ್ತರ ತೋರಿಸಿ ಪರೀಕ್ಷೆ ಬರೆಸಿದ ಹಾಗಾಯಿತು.

ಆಟ ಗೊತ್ತಿಲ್ಲದವರಿಗೆ: 1998, ಸ್ಪೇನಿನ ಲಿನಾರೆಸ್ ಟೂರ್ನಿ, ಟೊಪಲೊವ್ ಬಿಳಿ, ಶಿರೋವ್ ಕಪ್ಪು. ಬಿಳಿ ರಾಜ ಜಿ1, ಬಿಷಪ್ ಸಿ3, ಪಾನ್‌ಗಳು ಜಿ2, ಎಚ್4. ಕಪ್ಪು ರಾಜ ಇ6, ಬಿಷಪ್ ಎಫ್5, ಪಾನ್‌ಗಳು ಎ4, ಡಿ5, ಎಫ್6, ಜಿ6. ಕಪ್ಪಿನ 47ನೇ ನಡೆ.

ಕಪ್ಪಿಗೆ ಎರಡು ಪಾನ್ ಜಾಸ್ತಿ ಇದ್ದರೂ ಬಿಷಪ್‌ಗಳು ಬೇರೆ ಬೇರೆ ಬಣ್ಣದ ಮನೆಯವು, ಡ್ರಾ ವಾಸನೆ ಬರುತ್ತದೆ. ಗೆಲ್ಲಬೇಕಾದರೆ ಕಪ್ಪು ರಾಜ ಎಫ್5 ದಾಟಿ ಇ4 ಸೇರಬೇಕು, ಬಿಳಿ ರಾಜ ಇ3ಗೆ ಬರುವುದರೊಳಗೆ. ದಾರಿಯಲ್ಲಿ ತನ್ನದೇ ಬಿಷಪ್ ಕೂತಿದೆ. ಅದು ಸುಮ್ನೆ ಸರಿದರೆ ಒಂದು ನಡೆ ದಂಡ. ಇ4ಗೆ ಹೋದರೆ ರಾಜನಿಗೆ ಬೇಕಾದ ಮನೆಯೇ ತುಂಬಿತು. ಎಚ್3ಗೆ ಹೋದರೆ ಜಿ2 ಮೇಲೆ ಬೆದರಿಕೆ, ಎಫ್5 ಖಾಲಿ. ಬಿಳಿ ಆ ಬಿಷಪ್ ಹೊಡೆದರೆ ಕಪ್ಪು ರಾಜ ಎಫ್5, ಬಿಳಿ ರಾಜ ಎಫ್2, ಕಪ್ಪು ರಾಜ ಇ4. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಎಂಜಿನ್‌ಗೆ ಮೊದಲು ಕಾಣುವುದು ಬಿಟ್ಟಿ ಹೋದ ಬಿಷಪ್ ಮಾತ್ರ. ಲಾಭ ತುಂಬಾ ಮುಂದೆ ಇದೆ. ಇಂಥ ನಡೆಯನ್ನು ಎಂಜಿನ್‌ಗಳು ಪಟ್ಟಿಯ ಕೊನೆಗೆ ತಳ್ಳಿ, ಕಡಿಮೆ ಆಳದಲ್ಲೇ ನೋಡಿ ಬಿಡುತ್ತವೆ. ಹಳೇ ಎಂಜಿನ್ ಒದ್ದಾಡುವುದು ಇದಕ್ಕೇ.

ನಾನು ಮಾಡುವುದು ಹೀಗೆ. ಪೊಸಿಶನ್ ನೇರವಾಗಿ ಜೋಡಿಸುತ್ತೇನೆ, ಆಟದ ಫೈಲ್ ತೆರೆಯುವುದಿಲ್ಲ. ಪ್ರತಿ ಸಲ ಹ್ಯಾಶ್ ಖಾಲಿ. ಥ್ರೆಡ್ (ಒಟ್ಟಿಗೆ ಓಡುವ ಲೆಕ್ಕದ ಎಳೆ) ಒಂದೇ, ಯಾಕೆಂದರೆ ನಾಲ್ಕು ಥ್ರೆಡ್ ಹಾಕಿದರೆ ಅದೇ ಎಂಜಿನ್ ಒಂದೊಂದು ಸಲ ಒಂದೊಂದು ಹೊತ್ತು ತೆಗೆದುಕೊಳ್ಳುತ್ತದೆ. ತೋರಿಸುವ ನಡೆಗಳ ಸಾಲೂ ಒಂದೇ. ಐದು ಸಾಲು ಕೇಳಿದರೆ ಅದು ಬೇರೆಯದೇ ಪರೀಕ್ಷೆ. ಒಂದೇ ಎಂಜಿನ್‌ನ ಎರಡು ಆವೃತ್ತಿಗೆ ನೋಡ್ ಲೆಕ್ಕ (ಎಷ್ಟು ಪೊಸಿಶನ್ ನೋಡಿತು ಎಂಬುದು) ಸಾಕು. ಸ್ಟಾಕ್‌ಫಿಶ್ ಮತ್ತು ಲೀಲಾ ಎಂಬ ಎರಡು ಬೇರೆ ಎಂಜಿನ್ ಹೋಲಿಸುವಾಗ ಅದು ನಡೆಯುವುದಿಲ್ಲ, ಅವುಗಳ ನೋಡ್ ಒಂದೇ ಅಳತೆ ಅಲ್ಲ. ಆಗ ಅದೇ ಕಂಪ್ಯೂಟರ್‌ನಲ್ಲಿ ಅಷ್ಟೇ ಸಮಯ ಕೊಡಿ. ಫೋನು, ಲ್ಯಾಪ್‌ಟಾಪ್ ನಡುವೆ ಹೋಲಿಕೆ ಬೇಡವೇ ಬೇಡ.

ಇನ್ನೊಂದು ಮುಖ್ಯ ವಿಷಯ. ನಡೆ ಮೊದಲು ಕಂಡ ಹೊತ್ತನ್ನು ಬರೆಯಬೇಡಿ, ಬಂದು ಗಟ್ಟಿಯಾಗಿ ನಿಂತ ಹೊತ್ತನ್ನು ಬರೆಯಿರಿ. ಯಾರು ಎಷ್ಟು ಮುಂದಿದ್ದಾರೆ ಎಂದು ಎಂಜಿನ್ ಕೊಡುವ ಅಂಕ ಕಪ್ಪಿನ ಕಡೆಗೆ ಏರಿತಾ ಅಂತಲೂ ನೋಡಿ. ಎಚ್3 ಹೇಳಿ ಅಂಕ ಸೊನ್ನೆ ಹತ್ತಿರವೇ ಇದ್ದರೆ ಅದಕ್ಕೆ ಗೆಲುವು ಇನ್ನೂ ಕಂಡಿಲ್ಲ. ಆಮೇಲೆ ಬಿಳಿ ಹೊಡೆಯದ ಸಾಲು ಕೊಡಿ: 48 ಬಿಳಿ ರಾಜ ಎಫ್2, ಕಪ್ಪು ರಾಜ ಎಫ್5, 49 ಬಿಳಿ ರಾಜ ಎಫ್3. ಇಲ್ಲಿ ಬಿಷಪ್ ಜಿ2 ಹೊಡೆದು ಚೆಕ್ ಕೊಡಬೇಕು. ಬಿಳಿ ರಾಜ ಆ ಬಿಷಪ್ ಹೊಡೆದರೆ ಮತ್ತೆ ಕಪ್ಪು ರಾಜ ಇ4. ಇದನ್ನೂ ಹೇಳಿದರೆ ನಂಬಬಹುದು.

ಸಾಧ್ಯವಾದರೆ ಬಣ್ಣ ಅದಲು ಬದಲು ಮಾಡಿ, ಬೋರ್ಡನ್ನು ಮೇಲೆ ಕೆಳಗೆ ಮಗುಚಿ ಒಮ್ಮೆ ಓಡಿಸಿ. ಆಗ ಉತ್ತರ ಬಿಳಿಯ ಬಿಷಪ್ ಎಚ್6. ಆ್ಯಪ್ ಇಂಟರ್ನೆಟ್‌ನಿಂದ ಹಳೇ ಲೆಕ್ಕ ತಂದು ತೋರಿಸುತ್ತಿದ್ದರೆ ಅಲ್ಲೇ ವ್ಯತ್ಯಾಸ ಕಾಣಬಹುದು. ಮೂರು ಸಲ ಓಡಿಸಿ, ಮೂರು ಸಲವೂ ಎಷ್ಟು ಹೊತ್ತು ಹಿಡಿಯಿತು ಎಂದು ಇಲ್ಲಿ ಹಾಕಿ.