ಸ್ಟೇಜಿನ ಮರದ ನೆಲಕ್ಕೆ ಸೆಟ್ ಕಟ್ಟುವಾಗ

ಹಾಲ್‌ನ ಸ್ಟೇಜಿಗೆ ಹೊಸದಾಗಿ ಮರದ ಹಲಗೆ ಹಾಕಿಸಿದ್ದೀರಿ, ಎರಡು ನಾಟಕ ಮುಗಿಯುವಷ್ಟರಲ್ಲಿ ನೆಲದ ತುಂಬಾ ತೂತು. ಸೆಟ್‌ನವರಿಗೆ ಮೊಳೆ ಹೊಡೆಯಲು ಬಿಡಬೇಕಾ ಅಂತ ಕೇಳಿದ್ದೀರಿ. ಮೊಳೆ ಬೇಡವೇ ಬೇಡ. ಸ್ಕ್ರೂ ಹಾಕಲಿ, ಅದೂ ನೀವು ತೋರಿಸಿದ ಜಾಗದಲ್ಲಿ ಮಾತ್ರ. ಇವತ್ತು ನಾಟಕ ಆದ ಸ್ಟೇಜಿನ ಮೇಲೆ ನಾಳೆ ಕೊಡವರ ಉಮ್ಮತ್ತಾಟ್ ಕುಣಿತಕ್ಕೆ ಹೆಣ್ಣುಮಕ್ಕಳು ಬರಿಗಾಲಲ್ಲಿ ಹೆಜ್ಜೆ ಹಾಕುತ್ತಾರೆ ಅಲ್ವಾ? ಒಂದು ಸಿಬಿರು ಸಾಕು.

ಮೊಳೆ ಹೊಡೆಯುವಾಗ ಆಗುವ ಹಾನಿ ಕಡಿಮೆ, ಕೀಳುವಾಗ ಜಾಸ್ತಿ. ಮೀಟಿದರೆ ಮೊಳೆ ಜೊತೆ ಚಕ್ಕೆಯೂ ಎದ್ದು ಬರುತ್ತದೆ. ತಲೆ ಮುರಿದು ಒಳಗೇ ಉಳಿದ ತುಂಡು ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ನಿಜ ಹೇಳಬೇಕೆಂದರೆ, ಎಂಟು ಅಡಿ ಎತ್ತರದ ಬಟ್ಟೆ ಅಥವಾ ತೆಳು ಪ್ಲೈವುಡ್‌ನ ಫ್ರೇಮನ್ನು ನೆಲಕ್ಕೆ ಬಿಗಿಯುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಿಂದುಗಡೆ ತ್ರಿಕೋನದ ಆಸರೆ ಕೊಡಿ, ಅದರ ಅಡಿಪಟ್ಟಿಯ ಮೇಲೆ ಮರಳಿನ ಚೀಲ ಇಡಿ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ರೀಪು ಇದಕ್ಕೆ ಚೆನ್ನಾಗಿದೆ, ಹಗುರ. ಅಡಿಪಟ್ಟಿಯ ಕೆಳಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದರೆ ಜಾರುವುದೂ ಇಲ್ಲ, ಗೀಚುವುದೂ ಇಲ್ಲ. ಮರಳು ಒಣಗಿರಲಿ, ಚೀಲ ಎರಡು ಪದರದ್ದಿರಲಿ. ಸೋರಿದ ಮರಳು ಚಪ್ಪಲಿ ಕೆಳಗೆ ಉಜ್ಜು ಕಾಗದದ ಹಾಗೆ ಕೆಲಸ ಮಾಡಿ ಬಣ್ಣ ತೆಗೆದುಬಿಡುತ್ತದೆ.

ಆದರೆ ಜನ ಹತ್ತಿ ಇಳಿಯುವ ಮೆಟ್ಟಿಲು, ಅಟ್ಟ, ತೆರೆದು ಮುಚ್ಚುವ ಭಾರದ ಬಾಗಿಲು ಇವಕ್ಕೆ ಬರೀ ಚೀಲ ನಂಬಬೇಡಿ. ಇಲ್ಲಿ ಸ್ಕ್ರೂ ಬೇಕು. ಹಲಗೆಯ ಕೆಳಗೆ ಜಂತಿ ಎಲ್ಲೆಲ್ಲಿ ಹೋಗಿದೆ ಅಂತ ಮೊದಲೇ ನೋಡಿ, ಸ್ಟೇಜಿನ ಅಂಚಿನಲ್ಲಿ ಸಣ್ಣ ಗುರುತು ಹಾಕಿಡಿ. ಜಂತಿಗೆ ಕಚ್ಚಿದ ಸ್ಕ್ರೂ ನಿಲ್ಲುತ್ತದೆ, ಬರೀ ಹಲಗೆಗೆ ಕಚ್ಚಿದ್ದು ಸಡಿಲವಾಗುತ್ತದೆ. ಮೊದಲು ಸಪೂರ ಬಿಟ್‌ನಲ್ಲಿ ತೂತು ಕೊರೆಯಿರಿ, ಸ್ಕ್ರೂಗೆ ಸ್ವಲ್ಪ ಸೋಪು ಸವರಿ, ತಲೆಯ ಕೆಳಗೆ ವಾಷರ್ ಹಾಕಿ. ಜಂತಿ ಇಲ್ಲದ ಕಡೆ ಉದ್ದದ ಸ್ಕ್ರೂ ಬೇಡ, ಕೆಳಗೆ ಲೈಟಿನ ವೈರ್ ಇರಬಹುದು. ಪ್ರತಿ ನಾಟಕಕ್ಕೂ ಅದೇ ಜಾಗ ಬೇಕಾಗುತ್ತದೆ ಎನಿಸಿದರೆ ಕೆಳಗಿನಿಂದ ಟೀ-ನಟ್ (ಮರಕ್ಕೆ ಕಚ್ಚಿ ಕೂರುವ ನಟ್) ಕೂರಿಸಿ. ಮೇಲಿನಿಂದ ಬೋಲ್ಟ್ ಹಾಕಿ ತೆಗೆಯಬಹುದು, ಹೊಸ ತೂತು ಬೀಳುವುದಿಲ್ಲ.

ಈಗಿರುವ ತೂತುಗಳ ವಿಷಯ. ಸಣ್ಣದಕ್ಕೆ ಮರದ ಹುಡಿಯನ್ನು ಫೆವಿಕಾಲ್ ಜೊತೆ ಕಲಸಿ ತುಂಬಿದರೆ ಸಾಕು. ಒಣಗಿದಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಉಬ್ಬುವಷ್ಟು ತುಂಬಿ ಆಮೇಲೆ ಉಜ್ಜಿ. ಚಕ್ಕೆ ಎದ್ದ ದೊಡ್ಡ ತೂತಿಗೆ ಇದು ನಿಲ್ಲುವುದಿಲ್ಲ. ಅದನ್ನು ಡ್ರಿಲ್‌ನಲ್ಲಿ ದುಂಡಗೆ ಮಾಡಿ, ಅದೇ ಜಾತಿಯ ಮರದ ಬಿರಡೆ ಅಂಟು ಹಾಕಿ ಬಡಿದು ಕೂರಿಸಿ. ಬಿರಡೆಯ ಮರ ಕೆಲವು ವಾರ ಅದೇ ಹಾಲ್‌ನಲ್ಲಿ ಒಣಗಿರಬೇಕು. ಹಸಿ ಬಿರಡೆ ಫೆಬ್ರವರಿ ಬಿಸಿಲಿಗೆ ಕುಗ್ಗಿ ಅಲುಗಾಡುತ್ತದೆ. ಮೇಲೆ ಮ್ಯಾಟ್ ಬಣ್ಣ ಹಚ್ಚಿ. ಪಾಲಿಶ್, ಎಣ್ಣೆ ಬೇಡ, ಕುಣಿಯುವವರು ಜಾರುತ್ತಾರೆ.

ವರ್ಷಕ್ಕೆ ಜಾಸ್ತಿ ನಾಟಕ ಆಗುವುದಾದರೆ ಹಲಗೆಯ ಮೇಲೆ ಹಾರ್ಡ್‌ಬೋರ್ಡ್ ಹಾಸಿ, ನಯವಾದ ಮುಖ ಮೇಲೆ. ಎಂಟು ಬೈ ನಾಲ್ಕು ಅಡಿಯ ಹಾಳೆಗಳ ನಡುವೆ ಸ್ವಲ್ಪ ಸಂದು ಬಿಡಿ, ಜೂನ್‌ನಲ್ಲಿ ತೇವ ಕುಡಿದು ಉಬ್ಬಲು ಜಾಗ ಬೇಕು. ತೂತು ಜಾಸ್ತಿಯಾದಾಗ ಆ ಹಾಳೆ ಮಾತ್ರ ಬದಲಿಸಿದರೆ ಆಯಿತು. ಬಕೆಟ್ ನೀರು ಸುರಿದು ಒರೆಸುವುದನ್ನು ಮಾತ್ರ ನಿಲ್ಲಿಸಿ, ಹಿಂಡಿದ ಬಟ್ಟೆ ಸಾಕು.

ಸೆಟ್ ಬಿಚ್ಚಿದ ರಾತ್ರಿಯೇ ದಾರಕ್ಕೆ ಅಯಸ್ಕಾಂತ ಕಟ್ಟಿ ಇಡೀ ಸ್ಟೇಜಿನ ಮೇಲೆ ಎಳೆಯಿರಿ, ಬಿದ್ದ ಕಬ್ಬಿಣದ ಸ್ಕ್ರೂ ಎಲ್ಲ ಅಂಟಿಕೊಳ್ಳುತ್ತವೆ. ಆಮೇಲೆ ಹಳೇ ನೈಲಾನ್ ಬಟ್ಟೆ ಎಳೆಯಿರಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಇದೆ, ಆಗಲೇ ಉಜ್ಜಿಬಿಡಿ.

ಸ್ಟೇಜಿನ ಅಡಿಗೆ ಇಳಿಯಲು ಜಾಗ ಇದ್ದರೆ ಜಂತಿಯ ಫೋಟೋ ಹಾಕಿ. ಕಲ್ಲಿನ ಗೋಡೆಯಲ್ಲಿ ಗೆದ್ದಲಿನ ಮಣ್ಣಿನ ಸಾಲು ಏನಾದರೂ ಏರಿದೆಯಾ ಅಂತಲೂ ನೋಡಿ. ಟೀ-ನಟ್ ಎಲ್ಲಿ ಕೂರಿಸಬಹುದು ಅಂತ ಫೋಟೋ ನೋಡಿ ಹೇಳುತ್ತೇನೆ.