ಕೊನೆಯ ಬಸ್ಸಿನ ಹೊತ್ತು, ಪ್ರಯೋಗಾಲಯದ ಹೊತ್ತು

ಅಮೆರಿಕದ ಹಳ್ಳಿಗಾಡಿನ ಸಮುದಾಯ ಕಾಲೇಜುಗಳ ಬಗ್ಗೆ ಓದಿದ್ದೀರೆಂದೂ, ಬರುವ ಜೂನ್‌ನಿಂದ ಪುಣೆ ಜಿಲ್ಲೆಯ ಒಂದು ತಾಲ್ಲೂಕು ಕಾಲೇಜಿನಲ್ಲಿ ಪಾಠ ಮಾಡಲು ಹೊರಟಿದ್ದೀರೆಂದೂ ಬರೆದಿದ್ದೀರಿ. ಇಂಥ ಕಾಲೇಜೊಂದು ಹೊಸ ಬೋಧನಾ ವಿಧಾನಗಳಿಗೆ ಹೇಗೆ ಆಸರೆಯಾಗಬಲ್ಲದು, ಬಡ ವಿದ್ಯಾರ್ಥಿಗಳಿಗೆ ಶಿಕ್ಷಣ ಕೈಗೆಟುಕುವಂತೆ ಹೇಗೆ ಮಾಡಬಲ್ಲದು ಎಂಬುದು ನಿಮ್ಮ ಪ್ರಶ್ನೆ. ನಾನು ಧಾರವಾಡದಲ್ಲಿ ಓದಿ, ಮದುವೆಯಾಗಿ ಪುಣೆಗೆ ಬಂದವಳು. ಜಿಲ್ಲೆಯ ಉತ್ತರ ಭಾಗದ ಒಂದು ಕಾಲೇಜಿನಲ್ಲಿ 26 ವರ್ಷ ರಸಾಯನಶಾಸ್ತ್ರ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ನನ್ನ ಅನುಭವದಲ್ಲಿ ಅವೆರಡೂ ಒಂದೇ ಪ್ರಶ್ನೆ. ನಮ್ಮಲ್ಲಿ ನೆಲೆನಿಂತ ಹೊಸ ಬೋಧನಾ ಕ್ರಮಗಳೆಲ್ಲವೂ ಯಾವುದೋ ಒಬ್ಬ ವಿದ್ಯಾರ್ಥಿ ತರಗತಿಗೆ ಬರಲಾಗದೆ ಹೋದ ಕಾರಣವನ್ನು ಹುಡುಕುತ್ತಾ ಹೋದಾಗ ಹುಟ್ಟಿದಂಥವು.

ಮೊದಲು ‘ಸಮುದಾಯ ಕಾಲೇಜು’ ಎಂಬ ಹೆಸರಿನ ಬಗ್ಗೆ ಒಂದೆರಡು ಮಾತು. ಅಮೆರಿಕದಲ್ಲಿ ಈ ಬಗೆಯ ಎರಡು ವರ್ಷಗಳ ಸಾರ್ವಜನಿಕ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಶಾಲೆ ಮುಗಿಸಿದ ಸ್ಥಳೀಯರಿಗೆಲ್ಲ ತೆರೆದ ಬಾಗಿಲು, ಕಡಿಮೆ ಶುಲ್ಕ, ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ, ಇವು ಅದರ ಲಕ್ಷಣಗಳು. ನಮ್ಮ ದೇಶದಲ್ಲಿ ಇದೇ ಹೆಸರಿನ ಮೊದಲ ಕಾಲೇಜು 1995ರಲ್ಲಿ ಪುದುಚೇರಿಯಲ್ಲಿ ತೆರೆಯಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ ಒಂದು ಯೋಜನೆ ರೂಪಿಸಿ, ಇರುವ ಕಾಲೇಜುಗಳಲ್ಲೇ ಕೌಶಲದ ಕೋರ್ಸುಗಳನ್ನು ನಡೆಸಲು ನೆರವು ಕೊಟ್ಟಿತು. ಆದರೆ ಮಹಾರಾಷ್ಟ್ರದ ತಾಲ್ಲೂಕು ಊರುಗಳಲ್ಲಿ ಆ ಕೆಲಸವನ್ನು ನಿಜವಾಗಿ ಹೊತ್ತಿರುವುದು ಸಾಮಾನ್ಯ ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳೇ. ಆದ್ದರಿಂದ ನಾನು ಅವುಗಳ ಬಗ್ಗೆಯೇ ಬರೆಯುತ್ತೇನೆ.

ನಾನು ಸೇರಿದ ಎರಡನೆಯ ವರ್ಷದ ಒಂದು ಮಧ್ಯಾಹ್ನ ಇಂದಿಗೂ ಕಣ್ಣಮುಂದಿದೆ. ಪ್ರಾಕ್ಟಿಕಲ್ ಎರಡು ಗಂಟೆಯಿಂದ ಐದರವರೆಗೆ ಇರುತ್ತಿತ್ತು. ಕಿಟಕಿಯ ಬಳಿಯ ಮೇಜಿನಲ್ಲಿ ನಿಂತಿದ್ದ ಒಬ್ಬ ಹುಡುಗಿ ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆಯಾದ ಬ್ಯೂರೆಟ್ಟಿನ ನಲ್ಲಿಯ ಮೇಲೆ ಒಂದು ಕೈ ಇಟ್ಟುಕೊಂಡು, ಹನಿ ಬೀಳುವುದನ್ನು ಬಿಟ್ಟು ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಗದರಿಸಬೇಕೆಂದು ಹತ್ತಿರ ಹೋದೆ. ಅಷ್ಟರಲ್ಲಿ ರಾಜ್ಯ ಸಾರಿಗೆಯ ಕೆಂಪು ಎಸ್.ಟಿ. ಬಸ್ಸು ಕಾಣಿಸಿತು, ಆಕೆ ಕೋನಿಕಲ್ ಫ್ಲಾಸ್ಕನ್ನು ಹಾಗೆಯೇ ಇಟ್ಟು, ಪ್ರಯೋಗಗಳನ್ನು ಬರೆಯುವ ಜರ್ನಲ್ ಎದೆಗವಚಿಕೊಂಡು ಓಡಿದಳು. ಅದು ಅವಳ ಊರಿಗೆ ಹೋಗುವ ಕೊನೆಯ ಬಸ್ಸು, ಹೊತ್ತು ನಾಲ್ಕೂ ಮುಕ್ಕಾಲು. ಇಡೀ ವರ್ಷ ಅವಳು ಒಂದೇ ಒಂದು ಟೈಟ್ರೇಷನ್‌ನ ಕೊನೆಯ ಬಿಂದುವನ್ನೂ, ಅಂದರೆ ದ್ರಾವಣದ ಬಣ್ಣ ತಿರುಗುವ ಕ್ಷಣವನ್ನೂ, ಕಣ್ಣಾರೆ ಕಂಡಿರಲಿಲ್ಲ, ಅಂಕಿಗಳನ್ನು ಗೆಳತಿಯ ಜರ್ನಲ್‌ನಿಂದ ಬರೆದುಕೊಳ್ಳುತ್ತಿದ್ದಳು. ಆ ಬ್ಯಾಚಿನ 20 ಮಂದಿಯಲ್ಲಿ ಏಳು ಜನರ ಸ್ಥಿತಿ ಅದೇ ಆಗಿತ್ತು ಎಂದು ಆಮೇಲೆ ಕೇಳಿ ತಿಳಿದೆ.

ಆಗಿನ ಪ್ರಾಚಾರ್ಯರು ಒಳ್ಳೆಯವರು. ನಾವು ಡಿಪೋದಿಂದ ಬಸ್ಸುಗಳ ವೇಳಾಪಟ್ಟಿ ತಂದು, ಯಾವ ವಿದ್ಯಾರ್ಥಿ ಯಾವ ಬಸ್ಸಿಗೆ ಬರುತ್ತಾನೆ, ಯಾವುದಕ್ಕೆ ಹೋಗುತ್ತಾನೆ ಎಂದು ಬರೆದು, ಪ್ರಾಕ್ಟಿಕಲ್‌ಗಳನ್ನು ಬೆಳಗಿನ ಒಂಬತ್ತೂವರೆಗೆ ತಂದು, ಉಪನ್ಯಾಸಗಳನ್ನು ಮಧ್ಯಾಹ್ನಕ್ಕೆ ಸರಿಸಿದೆವು. ತಪ್ಪಿದ ಉಪನ್ಯಾಸವನ್ನು ಗೆಳೆಯರ ನೋಟ್‌ಬುಕ್ಕಿನಿಂದ ತುಂಬಿಕೊಳ್ಳಬಹುದು, ತಪ್ಪಿದ ಪ್ರಯೋಗವನ್ನು ತುಂಬಿಕೊಳ್ಳಲು ಬರುವುದಿಲ್ಲ. ಇದಕ್ಕೆ ಕಾಲೇಜು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ; ಆದರೆ ಮೂರು ವಿಭಾಗಗಳ ಅಧ್ಯಾಪಕರು ತಮ್ಮ ಅನುಕೂಲವನ್ನು ಬಿಟ್ಟುಕೊಡಬೇಕಾಯಿತು. ಬಸ್ಸಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ನೀವು ಗಮನದಲ್ಲಿಡಬೇಕು. ಮಹಾರಾಷ್ಟ್ರದಲ್ಲಿ ಹಳ್ಳಿಯ ಹುಡುಗಿಯರಿಗೆ 12ನೇ ತರಗತಿಯವರೆಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಎಸ್.ಟಿ. ಪಾಸು ಉಚಿತ; ಪದವಿಗೆ ಹೆಸರು ಹಚ್ಚಿದ ದಿನದಿಂದ ರಿಯಾಯಿತಿ ಇದ್ದರೂ ಹಣ ಕೊಟ್ಟೇ ಪಾಸು ಮಾಡಿಸಬೇಕು. ಮೊದಲ ವರ್ಷದಲ್ಲಿ ಹುಡುಗಿಯರು ಬಿಟ್ಟುಹೋಗಲು ಪಾಠದ ಕಷ್ಟವೇ ಕಾರಣವೆಂದು ನಾನು ಬಹುಕಾಲ ನಂಬಿದ್ದೆ, ಅದು ನನ್ನ ತಪ್ಪು ತಿಳಿವಳಿಕೆ.

ಇನ್ನು ಪಾಠದ ರೀತಿಗೆ ಬರುತ್ತೇನೆ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ, ಅಳೆಯುವ ಪ್ರಯೋಗ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಪ್ರಯೋಗಾಲಯದ ಸಹಾಯಕರು ಉಪ್ಪು ಬೆರೆಸಿ ತಯಾರಿಸಿಟ್ಟ ದ್ರಾವಣವನ್ನು ಎಲ್ಲರೂ ಅಳೆದು, ಬರಬೇಕಾದ ಉತ್ತರವನ್ನೇ ಬರೆಯುತ್ತಿದ್ದರು. ಒಂದು ವರ್ಷ ನಾನು ಅವರವರ ಬಾವಿ, ಬೋರ್‌ವೆಲ್, ಹಳ್ಳದ ನೀರನ್ನೇ ಬಾಟಲಿಯಲ್ಲಿ ತರಲು ಹೇಳಿದೆ. ನೀರನ್ನು ಪಿಪೆಟ್ಟಿನಿಂದ ಅಳೆದು ಹಾಕಿ, ಬಫರ್ ಸೇರಿಸಿ, ಸೂಚಕದ ಚಿಟಿಕೆ ಬೆರೆಸಿದಾಗ ದ್ರಾಕ್ಷಿಯ ಕೆಂಪು ಬರುತ್ತದೆ. ಆ ಲವಣಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿದ್ದಂತೆ ಅದು ನೇರಳೆಯಾಗಿ, ಒಂದೇ ಹನಿಗೆ ನೀಲಿಗೆ ತಿರುಗುತ್ತದೆ. ನೀರು ಗಡಸಾದಷ್ಟೂ ಹೆಚ್ಚು ಇಡಿಟಿಎ ಬೇಕು. ಟೊಮೆಟೊ ಬೆಳೆಯುವ ಮನೆಯ ಒಬ್ಬ ಹುಡುಗನ ಬೋರ್‌ವೆಲ್ ನೀರಿಗೆ ಬ್ಯೂರೆಟ್ಟನ್ನು ಎರಡನೆಯ ಸಲ ತುಂಬಬೇಕಾಯಿತು. ಪಕ್ಕದ ಮೇಜಿನವನ ಹಳ್ಳದ ನೀರು ಕೆಲವೇ ಮಿಲಿಲೀಟರಿಗೆ ನೀಲಿಯಾಗಿತ್ತು. ಇಬ್ಬರೂ ಒಬ್ಬರ ಫ್ಲಾಸ್ಕನ್ನು ಇನ್ನೊಬ್ಬರು ನೋಡುತ್ತಾ ನಿಂತರು. ಮರುವಾರ ಆ ಹುಡುಗನ ತಂದೆ ಹನಿ ನೀರಾವರಿಯ ಪೈಪಿನಿಂದ ತೆಗೆದ, ಗಡಸು ನೀರಿನಿಂದ ಉಪ್ಪುಗಟ್ಟಿದ ನಾಲ್ಕು ಡ್ರಿಪ್ಪರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಕಾಲೇಜಿಗೆ ಬಂದು, ಅದನ್ನು ಕರಗಿಸಲು ಪೈಪಿನಲ್ಲಿ ಆಮ್ಲ ಬಿಡುವುದಾದರೆ ಎಷ್ಟು ಬಿಡಬೇಕು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೃಷಿ ಇಲಾಖೆಯ ಸಹಾಯಕರನ್ನು ಕರೆಸಿದೆ; ಅವರು ಮತ್ತು ವಿದ್ಯಾರ್ಥಿಗಳು ಸೇರಿ ಲೆಕ್ಕ ಹಾಕಿದರು. ಆ ತರಗತಿಗೆ ಆಮ್ಲ ಮತ್ತು ಕಾರ್ಬೊನೇಟ್‌ನ ಸಮೀಕರಣವನ್ನು ಮತ್ತೆ ಹೇಳಿಕೊಡುವ ಅಗತ್ಯ ನನಗೆ ಬೀಳಲಿಲ್ಲ.

ಭಾಷೆಯ ಬಗ್ಗೆ ನಿಮಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ನೀವೂ ಕನ್ನಡದವರು. ಅಲ್ಲಿನ ಮಕ್ಕಳು ಹತ್ತನೆಯ ತರಗತಿಯವರೆಗೆ ಮರಾಠಿಯಲ್ಲಿ ಓದಿ, ಹನ್ನೊಂದರ ವಿಜ್ಞಾನಕ್ಕೆ ಬಂದಾಗ ಏಕಾಏಕಿ ಇಂಗ್ಲಿಷ್‌ಗೆ ಬೀಳುತ್ತಾರೆ. ನಾನು ಕನ್ನಡ ಮಾಧ್ಯಮದಿಂದ ಕರ್ನಾಟಕ ಕಾಲೇಜಿಗೆ ಹೋದಾಗ ಪಟ್ಟ ಪಾಡೂ ಅದೇ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಬಹುದು, ವಾದವನ್ನು ಮರಾಠಿಯಲ್ಲಿ ಮಾಡಬಹುದು, ಕೊನೆಯ ಉತ್ತರವನ್ನು ಮಾತ್ರ ಇಂಗ್ಲಿಷ್‌ನಲ್ಲಿ ಬರೆಯಬೇಕು. ನನ್ನ ಮರಾಠಿಯ ಲಿಂಗದೋಷಗಳನ್ನು ಅವರು ತಿದ್ದುತ್ತಿದ್ದರು, ಅವರ ಇಂಗ್ಲಿಷನ್ನು ನಾನು ತಿದ್ದುತ್ತಿದ್ದೆ. ತಪ್ಪು ಮಾತನಾಡಲು ಹೆದರದ ತರಗತಿ ಅದರಿಂದ ಸಾಧ್ಯವಾಯಿತು.

ಎಲ್ಲಕ್ಕಿಂತ ಕಷ್ಟದ ಕೆಲಸ ಕಾಗದಪತ್ರಗಳದು. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು. ಅದಕ್ಕೆ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಎಲ್ಲವೂ ಬೇಕು. ಸಹ್ಯಾದ್ರಿಯ ಮಗ್ಗುಲಿನಲ್ಲಿ ಮಹಾದೇವ ಕೋಳಿ, ಠಾಕರ, ಕಾತಕರಿ ಸಮುದಾಯಗಳಿವೆ. ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ಕುಟುಂಬವು 1950ರ ಸೆಪ್ಟೆಂಬರ್ 6ಕ್ಕಿಂತ ಮೊದಲೇ ಈ ರಾಜ್ಯದ ನೆಲದಲ್ಲಿತ್ತು ಎಂಬ ಪುರಾವೆ ಕೇಳುತ್ತಾರೆ. ದೀಪಾವಳಿ ಕಳೆದೊಡನೆ ಇಟ್ಟಿಗೆ ಭಟ್ಟಿಗಳಿಗೆ ಹೋಗಿ ಮಳೆಗಾಲದ ಹೊತ್ತಿಗೆ ಮರಳುವ, ಸ್ವಂತ ಜಮೀನಿಲ್ಲದ ಕಾತಕರಿ ಕುಟುಂಬ ಆ ಕಾಲದ ಕಾಗದವನ್ನು ಎಲ್ಲಿಂದ ತರಬೇಕು? ಅಜ್ಜ ಶಾಲೆಗೆ ಹೋಗಿದ್ದರೆ ಶಾಲೆಯ ದಾಖಲೆ ಪುಸ್ತಕ ಸಿಗುತ್ತದೆ; ಹೋಗದಿದ್ದರೆ ಮೊಮ್ಮಗನಿಗೂ ತೊಡಕು. ನಮ್ಮಲ್ಲಿ ಇಬ್ಬರು ಅಧ್ಯಾಪಕರು ಮತ್ತು ಒಬ್ಬ ಗುಮಾಸ್ತರು ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೆ ಎರಡು ದಿನ ಇದೊಂದೇ ಕೆಲಸಕ್ಕೆ ಕೂರುತ್ತಿದ್ದರು, ಅಗತ್ಯವಿದ್ದರೆ ತಹಶೀಲ್ದಾರ್ ಕಚೇರಿಗೂ ಜೊತೆಯಲ್ಲಿ ಹೋಗುತ್ತಿದ್ದರು. ಈ ಕೆಲಸವನ್ನು ಕಾಲೇಜು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಕೊನೆಯವರೆಗೂ ಕೇಳಿದೆ, ಹಿಡಿಯಲಿಲ್ಲ. ಆ ಬೇಸರ ಇನ್ನೂ ಇದೆ.

ದುಡಿಯುತ್ತಾ ಓದುವ ಪದ್ಧತಿಗೆ ಮಹಾರಾಷ್ಟ್ರದಲ್ಲಿ ದೊಡ್ಡ ಪರಂಪರೆಯಿದೆ. ಅದನ್ನು ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರ ಪೂರ್ವಿಕರು ನಮ್ಮ ಮೂಡುಬಿದಿರೆಯ ಕಡೆಯವರು. 1919ರಲ್ಲಿ ಅವರು ಸಾತಾರಾ ಜಿಲ್ಲೆಯಲ್ಲಿ ಆರಂಭಿಸಿದ ರಯತ ಶಿಕ್ಷಣ ಸಂಸ್ಥೆಯ ವಸತಿಗೃಹಗಳಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಓದಿದರು. ಪುಣೆ ವಿಶ್ವವಿದ್ಯಾಲಯವೂ ಅವರ ಹೆಸರಿನಲ್ಲಿ ದುಡಿಯುತ್ತಾ ಓದುವ ಯೋಜನೆಯೊಂದನ್ನು ನಡೆಸುತ್ತದೆ, ನಿಮ್ಮ ಕಾಲೇಜಿನಲ್ಲೂ ಇರಬಹುದು. ಅಲ್ಲಿ ಹುಡುಗರಿಗೆ ಕಸ ಗುಡಿಸುವ ಕೆಲಸ ಕೊಟ್ಟು ಮುಗಿಸದೆ ಗ್ರಂಥಾಲಯ, ಪ್ರಯೋಗಾಲಯ, ಸಸ್ಯಪಾಲನೆಯ ಕೆಲಸ ಕೊಡುವಂತೆ ನೋಡಿಕೊಳ್ಳಿ.

ಮಾದರಿಯೊಂದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಅಮೆರಿಕಕ್ಕೆ ಹೋಗಬೇಕಿಲ್ಲ. ಶಿರೂರು ತಾಲ್ಲೂಕಿನ ಪಾಬಳಕ್ಕೆ ಹೋಗಿ. ಅಲ್ಲಿ ಡಾ. ಕಲಬಾಗ್ ಅವರು 1983ರಲ್ಲಿ ಆರಂಭಿಸಿದ ವಿಜ್ಞಾನ ಆಶ್ರಮವಿದೆ. ಶಾಲೆ ಬಿಟ್ಟ ಹುಡುಗ ಹುಡುಗಿಯರು ಒಂದು ವರ್ಷ ಅಲ್ಲಿಯೇ ಇದ್ದು ಬೆಸುಗೆ ಮತ್ತು ಕಟ್ಟಡ ಕೆಲಸ, ವಿದ್ಯುತ್ತು, ಆಹಾರ ಸಂಸ್ಕರಣೆ, ಬೇಸಾಯ ಮತ್ತು ಪಶುಪಾಲನೆಯನ್ನು ಕಲಿಯುತ್ತಾರೆ. ಕಲಿಯುವಾಗಲೇ ಊರಿನವರಿಗೆ ಬೇಕಾದ ಕೆಲಸ ಮಾಡಿಕೊಟ್ಟು ಹಣ ಪಡೆಯುತ್ತಾರೆ. ಆ ಆಶ್ರಮಕ್ಕೆ ಆಶ್ರಯವಾದದ್ದು ಶಿಕ್ಷಣತಜ್ಞ ಜೆ. ಪಿ. ನಾಯಕರು 1948ರಲ್ಲಿ ಮುಂಬಯಿಯಲ್ಲಿ ಕಟ್ಟಿ ಮುಂದೆ ಪುಣೆಗೆ ತಂದ ಭಾರತೀಯ ಶಿಕ್ಷಣ ಸಂಸ್ಥೆ. ನಾಯಕರು ಸ್ವಾತಂತ್ರ್ಯ ಹೋರಾಟದಲ್ಲಿ ಬಳ್ಳಾರಿ ಜೈಲಿನಲ್ಲಿದ್ದಾಗ ಕನ್ನಡ ಕಲಿತು, ಬಿಡುಗಡೆಯಾದ ಮೇಲೆ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು, ಮುಂದೆ ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿದ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾದವರು. ನಮ್ಮ ಕಡೆಯ ಒಂದು ಹಳ್ಳಿಯ ಅನುಭವ ಇಲ್ಲಿಯವರೆಗೆ ಬಂದು ಕೆಲಸ ಮಾಡಿದೆ ಎಂದು ನೆನೆದಾಗ ನನಗೆ ಸಂತೋಷವಾಗುತ್ತದೆ.

ಕಾಲೇಜು ಅಧ್ಯಾಪಕರಿಗೆ ಏನು ಕೊಡಬೇಕು ಎಂದೂ ಕೇಳಿದ್ದೀರಿ. ನಮ್ಮಲ್ಲಿ ಒಮ್ಮೆ ದೊಡ್ಡ ಅನುದಾನದಲ್ಲಿ ಸ್ಮಾರ್ಟ್‌ಬೋರ್ಡ್ ಬಂತು. ವಿದ್ಯುತ್ತು ಹೋಗುವ ಹೊತ್ತಿಗೇ ನಮ್ಮ ತರಗತಿಗಳಿದ್ದವು, ದುರಸ್ತಿಗೆ ಪುಣೆಯಿಂದ ಜನ ಬರಬೇಕಿತ್ತು. ಎರಡು ವರ್ಷಗಳಲ್ಲಿ ಅದು ಬೀಗ ಹಾಕಿದ ಕೋಣೆ ಸೇರಿತು. ನೀರಿನ ಪರೀಕ್ಷೆಗೆ ಬೇಕಾದ ಹೆಚ್ಚುವರಿ ರಾಸಾಯನಿಕಗಳ ಹಣ ಅದರ ಒಂದು ಚೂರೂ ಆಗುತ್ತಿರಲಿಲ್ಲ, ಆದರೆ ಅದಕ್ಕೆ ಮೂರು ಸಹಿ, ಎರಡು ತಿಂಗಳು ಬೇಕಾಗುತ್ತಿತ್ತು. ಸಣ್ಣ ಮೊತ್ತವನ್ನು ತಡಮಾಡದೆ ಕೊಡುವುದು, ಪ್ರಯೋಗ ವಿಫಲವಾದರೆ ಅಧ್ಯಾಪಕರನ್ನು ದೂರದಿರುವುದು, ವಾರಕ್ಕೆ ಎರಡು ಗಂಟೆ ಬಿಡುವು ಕೊಡುವುದು, ಈ ಮೂರನ್ನು ನೀವು ಸೇರುವ ಮೊದಲೇ ಪ್ರಾಚಾರ್ಯರ ಬಳಿ ಮಾತನಾಡಿಕೊಳ್ಳಿ.

ಜೂನ್‌ನಲ್ಲಿ ಸೇರಿದ ಕೂಡಲೇ ಡಿಪೋದಿಂದ ಬಸ್ಸುಗಳ ವೇಳಾಪಟ್ಟಿ ತರಿಸಿಕೊಳ್ಳಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಜುನ್ನರ್ ತಾಲ್ಲೂಕಿನ ಖೋಡದದಲ್ಲಿ, 45 ಮೀಟರ್ ವ್ಯಾಸದ 30 ಆಂಟೆನಾಗಳಿರುವ ರೇಡಿಯೋ ದೂರದರ್ಶಕದ ಆವರಣದಲ್ಲಿ, ಸುತ್ತಲಿನ ಶಾಲಾಕಾಲೇಜುಗಳ ಮಕ್ಕಳು ತಾವು ಮಾಡಿದ ಪ್ರಯೋಗಗಳನ್ನು ಪ್ರದರ್ಶಿಸುತ್ತಾರೆ. ಮೊದಲ ವರ್ಷ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಅವರಲ್ಲಿ ಇಬ್ಬರಾದರೂ ದೂರದ ಬಸ್ಸಿನ ಊರಿನವರಾಗಿರಲಿ. ನನ್ನ ಬಳಿ ನೀರಿನ ಪ್ರಯೋಗದ ಮರಾಠಿ ಟಿಪ್ಪಣಿಗಳಿವೆ, ಬೇಕೆಂದರೆ ಕೇಳಿ, ಕಳಿಸಿಕೊಡುತ್ತೇನೆ.